ತಳ ಹಿಡಿದ ಹಾಡು

ನಿಮಗೆ ಹೀಗಾಗಿದೆಯೇ ಹೇಳಿ. ಪಾತ್ರೆ ತೊಳೆಯುತ್ತಿದ್ದೀರಿ. ಗೋಡೆಯ ಆಚೆ ಯಾರೋ ಹಾಡು ಹಾಕಿದ್ದಾರೆ. ಯಾರ ಹಾಡೋ, ಯಾವ ಭಾಷೆಯೋ ಗೊತ್ತಿಲ್ಲ. ಮಾತು ಒಂದೂ ತಿಳಿಯುತ್ತಿಲ್ಲ. ಆದರೂ ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲೇ ನಿಂತುಬಿಟ್ಟಿರಿ. ಆಗಿದೆಯೇ? ಆಗಿದ್ದರೆ ನೀವು ನಮ್ಮವರು. ಆಗಿಲ್ಲದಿದ್ದರೂ ಓದಿ, ಬೈಯುವುದಕ್ಕಾದರೂ ಏನಾದರೂ ಸಿಗುತ್ತದೆ.

ಹೊಸದಾಗಿ ಬಂದವರಿಗೆ ನನ್ನ ಪರಿಚಯ. ಎಲೆಕ್ಟ್ರಾನಿಕ್ ಸಿಟಿಯ ಹಿಂಬದಿಯಲ್ಲಿ ನಮ್ಮದೊಂದು ಲೇಡೀಸ್ ಪಿಜಿ ಇದೆ. ಮಾವನವರ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಜಾಗ, ಈಗ ಮೂರು ಮಹಡಿ ತುಂಬ ಹುಡುಗಿಯರು. ನನ್ನ ಅಡುಗೆಮನೆಗೂ ಕೆಳಗಿನ ರೂಮಿಗೂ ಒಂದೇ ಗೋಡೆ. ದೊಡ್ಡ ಕಂಪನಿಗಳ ಹಂಗಿಲ್ಲದ ಇಂಡಿ ಹಾಡು, ರಾಕ್, ಹಿಪ್-ಹಾಪ್ ಎಲ್ಲವನ್ನೂ ನಾನು ಕಲಿತದ್ದು ಆ ಗೋಡೆಯಿಂದ. ಸದ್ದು ಜಾಸ್ತಿಯಾದರೆ ಸೌಟಿನಲ್ಲಿ ಎರಡು ಬಡಿಯುತ್ತಿದ್ದೆ. ಒಂದು ದಿನ ಬಡಿಯಲೆಂದು ಸೌಟು ಎತ್ತಿದವಳು ಹಾಗೇ ನಿಂತೆ. ಹಾಡು ಮುಗಿಯುವವರೆಗೂ ಸೌಟು ಗಾಳಿಯಲ್ಲೇ ಇತ್ತು.

ಅವತ್ತಿನಿಂದ ಹೊಸ ಆಲ್ಬಂ ಬಂದರೆ ಹುಡುಗಿಯರ ರೂಮಿನಲ್ಲಿ ಹಾಕಿಸುತ್ತೇನೆ, ನಾನು ಈಚೆ ಅಡುಗೆಮನೆಯಲ್ಲಿ ಕೂತು ಕೇಳುತ್ತೇನೆ. ಗೋಡೆ ದಾಟಿ ಏನು ಬಂತೋ ಅದರ ಮೇಲೆ ವಿಡಿಯೊ ಮಾಡಿ ಹಾಕುತ್ತೇನೆ. ಪೇಜಿನ ಹೆಸರು ‘ಗೋಡೆ ಪಕ್ಕದ ಆಂಟಿ’. ಹಾಡು ಚೆನ್ನಾಗಿದ್ದರೆ ಸೌಟು ಸುಮ್ಮನಿರುತ್ತದೆ, ಇಲ್ಲದಿದ್ದರೆ ಗೋಡೆ ಬಡಿಯುತ್ತದೆ. ನನ್ನ ಹತ್ತಿರ ಬೇರೆ ಮಾರ್ಕು ಇಲ್ಲ.

ಆ ಕೆಳಗಿನ ರೂಮಿನಲ್ಲಿ ಎರಡು ವರ್ಷ ಇದ್ದ ಹುಡುಗಿ ತೇಜು. ಈಗ ಜಾರ್ಜಿಯಾ ದೇಶದ ಟ್ಬಿಲಿಸಿ ಎಂಬ ಊರಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಅಲ್ಲಿಂದಲೇ ಕೆಲಸ ಮಾಡುತ್ತಾಳೆ. ಅವಳಿರುವ ವಠಾರದಲ್ಲೇ ನಿನೋ ಎಂಬ ಹಾಡುಗಾರ್ತಿ ಇದ್ದಾಳೆ. ನಿನೋಳ ಹಿಂದಿನ ಆಲ್ಬಂ ಬಗ್ಗೆ ನಾನು ಮಾಡಿದ್ದ ವಿಡಿಯೊವನ್ನು ತೇಜು ಅವರ ಭಾಷೆಗೆ ತಂದು ತೋರಿಸಿದ್ದಳು. ಡ್ರಮ್ಮಿನವನು ಲಾರಿಯಿಂದ ಗ್ಯಾಸ್ ಸಿಲಿಂಡರ್ ಇಳಿಸುತ್ತಿದ್ದಾನೆ ಅಂದಿದ್ದೆ ಅದರಲ್ಲಿ. ನಿನೋ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳಂತೆ. ಆಮೇಲೆ ಗಂಭೀರವಾಗಿ, ಈ ಹೆಂಗಸನ್ನು ಕರೆಸು ಅಂದಳಂತೆ.

ವಿಷಯ ಇಷ್ಟು. ಅವಳ ಮೂರನೇ ಆಲ್ಬಂ ತಯಾರಾಗಿತ್ತು. ಮೊದಲಿನೆರಡನ್ನೂ ಗೆಳೆಯರೆಲ್ಲ ಹೊಗಳಿದ್ದರು, ಊರು ಕೇಳಿರಲಿಲ್ಲ. ಮೂರನೆಯದನ್ನು ರೆಕಾರ್ಡ್ ಪ್ಲೇಟಿಗೆ ಅಚ್ಚು ಹಾಕಿಸಲು ಒಂದು ಸೋಮವಾರ ಕಳಿಸುವುದೆಂದು ನಿಗದಿಯಾಗಿತ್ತು. ಅಚ್ಚಾದರೆ ತಿದ್ದುವ ಹಾಗಿಲ್ಲ. ಇದೂ ನೆಲ ಕಚ್ಚಿದರೆ ಹಾಡು ಬಿಟ್ಟು, ಓದಿರುವ ಹಲ್ಲಿನ ಡಾಕ್ಟರ್ ಕೆಲಸಕ್ಕೆ ಹೋಗಿಬಿಡುತ್ತೇನೆ ಎಂದು ನಿನೋ ನಿರ್ಧಾರ ಮಾಡಿದ್ದಳು.

“ಬಂದ್ಬಿಡಿ ಆಂಟಿ,” ಅಂದಳು ತೇಜು ಫೋನಿನಲ್ಲಿ. “ಇಲ್ಲಿ ಅವಳಿಗೆ ನಿಜ ಹೇಳೋರು ಒಬ್ರೂ ಇಲ್ಲ.”

ನಮ್ಮತ್ತೆ ಬೇಗೂರಿನವರು. ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದವರು ತಲೆಯೆತ್ತಲಿಲ್ಲ. “ಗೋಡೆ ಇಲ್ಲೂ ಐತಲ್ಲೇ,” ಅಂದರು. “ಅದ್ಕೆ ಅಷ್ಟ್ ದೂರ ಓಗ್ಬೇಕಾ?”

ಹೋದೆ.

ವಿಮಾನದಲ್ಲಿ

ಪ್ರಯಾಣಕ್ಕೆಂದು ಮೂರು ಹೊಸ ಆಲ್ಬಂ ಫೋನಿಗೆ ತುಂಬಿಸಿಕೊಂಡಿದ್ದೆ. ಮೊದಲನೆಯದು ವೈಟ್‌ಫೀಲ್ಡ್ ಕಡೆಯ ಗಂಡ ಹೆಂಡತಿ ಜೋಡಿಯ ಇಂಡಿ. ವಿಮಾನದಲ್ಲಿ ಗೋಡೆ ಎಲ್ಲಿ ತರಲಿ? ಹೆಡ್‌ಫೋನನ್ನು ಕಿವಿಯಿಂದ ತೆಗೆದು ತೊಡೆಯ ಮೇಲಿಟ್ಟು, ದುಪಟ್ಟಾ ಮುಚ್ಚಿ, ಬಗ್ಗಿ ಕೇಳಿದೆ. ಪಕ್ಕದಲ್ಲಿ ಕೂತಿದ್ದವರು ನನಗೆ ಹೊಟ್ಟೆನೋವು ಅಂದುಕೊಂಡು ಗಗನಸಖಿಯನ್ನು ಕರೆದರು. ಆಕೆ ಸೋಡ ತಂದುಕೊಟ್ಟಳು. ಬೇಡ ಅನ್ನಲಾಗದೆ ಕುಡಿದೆ.

ಆಲ್ಬಂ ಬಗ್ಗೆ ಹೇಳುವುದಾದರೆ, ಮೆತ್ತಗೆ ಹಾಡಿದ ಮಾತ್ರಕ್ಕೆ ಮನಸ್ಸಿಗೆ ಇಳಿಯುತ್ತದೆ ಎಂದು ಇಬ್ಬರೂ ನಂಬಿದ್ದಾರೆ. ಪ್ರತಿ ಹಾಡೂ ಲಿಫ್ಟಿಗೆ ಕಾಯುವವರ ಹಾಗೆ ಶುರುವಾಗುತ್ತದೆ, ಲಿಫ್ಟು ಬರುವ ಮೊದಲೇ ಮುಗಿಯುತ್ತದೆ. ಒಂದು ಹಾಡಿನ ನಡುವೆ ಅವಳು ನಗುವುದು ಕೇಳಿಸುತ್ತದೆ, ತಡೆಯಲಾಗದೆ ಬಂದ ನಗು. ಇಡೀ ಆಲ್ಬಮ್ಮಿನಲ್ಲಿ ಬದುಕಿರುವುದು ಅದೊಂದೇ. ಉಳಿದದ್ದಕ್ಕೆ ಸೌಟು.

ಗಲ್ಫಿನ ಒಂದು ಊರಿನಲ್ಲಿ ವಿಮಾನ ಬದಲಿಸುವಾಗ ಪೀಣ್ಯದ ಹುಡುಗನೊಬ್ಬನ ಹಿಪ್-ಹಾಪ್ ಕೇಳಿದೆ. ಹುಡುಗನಿಗೆ ನಾಲಿಗೆ ಚುರುಕು, ಒಪ್ಪಿದೆ. ಆದರೆ ಹಾಡು ಹಾಡಿಗೂ ತಾನು ಯಾರು, ತನ್ನ ಹೆಸರೇನು, ತನ್ನ ಏರಿಯಾ ಯಾವುದು ಎಂದು ಹೇಳುತ್ತಾನೆ. ಮಗನೇ, ನಮ್ಮ ಪಿಜಿಯಲ್ಲೂ ಹೆಸರು ಒಂದೇ ಸಲ ಬರೆಸಿಕೊಳ್ಳುತ್ತೇವೆ. ಆಮೇಲೆ ಒಂದು ಹಾಡು ಬಂತು. ಅದರ ತಾಳಕ್ಕೆ ಅವನಪ್ಪ ಕೆಲಸ ಮಾಡುವ ಶೆಡ್ಡಿನ ಪ್ರೆಸ್ ಮಿಷಿನ್ನಿನ ಸದ್ದನ್ನೇ ಇಟ್ಟಿದ್ದಾನೆ. ಅದರಲ್ಲಿ ತನ್ನ ಹೆಸರು ಎತ್ತುವುದಿಲ್ಲ. ಕೇಳುತ್ತಾ ಕೂತವಳಿಗೆ ಗೇಟ್ ಬದಲಾದದ್ದು ಗೊತ್ತಾಗಲಿಲ್ಲ, ಕೊನೆಗೆ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ. ಆ ಹಾಡಿಗೆ ಸೌಟು ಸುಮ್ಮನೆ.

ಟ್ಬಿಲಿಸಿಯ ವಠಾರ

ಊರಿನ ಬೋರ್ಡುಗಳನ್ನು ನೋಡಿ ದಂಗಾದೆ. ಅವರ ಲಿಪಿಯೂ ನಮ್ಮ ಹಾಗೆ ದುಂಡು ದುಂಡು, ಜಿಲೇಬಿ ಒತ್ತಿಟ್ಟ ಹಾಗಿದೆ. ಇನ್ನೇನು ಓದಿಬಿಡುತ್ತೇನೆ ಅನ್ನಿಸುತ್ತದೆ, ಬಾಯಿ ತೆರೆದರೆ ಒಂದಕ್ಷರವೂ ಬರುವುದಿಲ್ಲ. ಬೀದಿನಾಯಿಗಳ ಕಿವಿಗೆ ಬಣ್ಣದ ಬಿಲ್ಲೆ ಹಾಕಿದ್ದಾರೆ. ಚುಚ್ಚುಮದ್ದು ಆಗಿದೆ ಎಂಬ ಗುರುತಂತೆ. ಒಂದು ನಾಯಿ ನಮ್ಮ ಜೊತೆಗೇ ಸಿಗ್ನಲ್‌ಗೆ ಕಾದು, ಹಸಿರು ಬಂದ ಮೇಲೆ ರಸ್ತೆ ದಾಟಿತು. ಬೊಮ್ಮನಹಳ್ಳಿ ಸಿಗ್ನಲ್ಲಿನಲ್ಲಿ ಮನುಷ್ಯರು ಹಾಗೆ ನಿಂತದ್ದನ್ನು ನಾನು ಕಂಡಿಲ್ಲ.

ತೇಜು ಇರುವುದು ಹಳೇ ಊರಿನಲ್ಲಿ. ನಡುವೆ ಅಂಗಳ, ಸುತ್ತ ಮರದ ಬಾಲ್ಕನಿ, ಈ ಕಂಬದಿಂದ ಆ ಕಂಬಕ್ಕೆ ಬಟ್ಟೆ ಒಣಗುವ ಹಗ್ಗ, ಎಲ್ಲರಿಗೂ ಒಂದೇ ಮೆಟ್ಟಿಲು. ಒಬ್ಬರ ಮನೆಯ ಒಗ್ಗರಣೆ ಎಲ್ಲರ ಮೂಗಿಗೆ. ನಮ್ಮ ಹಳೇ ವಠಾರವೇ, ದ್ರಾಕ್ಷಿ ಬಳ್ಳಿ ಒಂದು ಹೆಚ್ಚು. ನನಗೆ ತಕ್ಷಣ ಹೊಂದಿಕೆಯಾಯಿತು. ಗೋಡೆಗಳನ್ನು ತಟ್ಟಿ ನೋಡಿದೆ. ತೆಳ್ಳಗಿದ್ದವು. ಒಳ್ಳೆಯ ಲಕ್ಷಣ.

ನಿನೋ ಬಂದು ತಬ್ಬಿಕೊಂಡಳು. ಮೂವತ್ತರ ಆಸುಪಾಸಿನ ಹುಡುಗಿ, ಗಂಡಸರ ಕೋಟು, ಉಗುರು ಕಚ್ಚಿ ಕಚ್ಚಿ ಬೆರಳ ತುದಿ ಕೆಂಪಗಾಗಿತ್ತು. ಅವಳ ಇಂಗ್ಲಿಷ್ ನನ್ನಷ್ಟೇ, ಆದ್ದರಿಂದ ಚೆನ್ನಾಗಿ ಅರ್ಥವಾಯಿತು. ಭಾನುವಾರ ಮಧ್ಯಾಹ್ನ ಊಟಕ್ಕೆ ಬನ್ನಿ, ಆಲ್ಬಂ ಹಾಕುತ್ತೇನೆ, ಕೇಳಿ ನಿಜ ಹೇಳಿ ಅಂದಳು. ಹೇಳುತ್ತೇನೆ ಅಂದೆ. ಕೈಯನ್ನೇನೋ ಕುಲುಕಿದೆವು. ಊಟದ ಮೇಜಿನಲ್ಲಿ ನಿಜ ಹೇಳುವುದು ಎಷ್ಟು ಕಷ್ಟ ಎಂದು ಆಗ ನನಗೆ ಹೊಳೆಯಲಿಲ್ಲ.

ಬೆಟ್ಟದ ದಾರಿ

ಶನಿವಾರ ತೇಜು ನನ್ನನ್ನು ವ್ಯಾನಿನಲ್ಲಿ ಬೆಟ್ಟದ ಕಡೆ ಕರೆದುಕೊಂಡು ಹೋದಳು. ನಮ್ಮ ಚಂದಾಪುರದ ಟೆಂಪೊ ಟ್ರಾವೆಲರ್ ಇದ್ದ ಹಾಗೆ. ಚರ್ಚು ಕಂಡಾಗಲೆಲ್ಲ ಇಡೀ ವ್ಯಾನು ಎದೆಯ ಮೇಲೆ ಮೂರು ಸಲ ಶಿಲುಬೆ ಗೀರಿಕೊಳ್ಳುತ್ತದೆ, ಡ್ರೈವರನೂ ಸ್ಟಿಯರಿಂಗ್ ಬಿಟ್ಟು. ನಮ್ಮ ಡ್ರೈವರುಗಳು ಗುಡಿ ಕಂಡರೆ ಎದೆ ಮುಟ್ಟಿಕೊಳ್ಳುವುದಿಲ್ಲವೇ? ಆದರೆ ನಮಗೆ ಅಷ್ಟು ತಿರುವುಗಳಿಲ್ಲ. ನಾನೂ ಕಣ್ಣು ಮುಚ್ಚಿ ಬೇಗೂರಿನ ಈಶ್ವರನನ್ನು ನೆನೆದೆ.

ದಾರಿಗೆಂದು ಉಳಿಸಿಕೊಂಡದ್ದು ರಾಕ್ ಆಲ್ಬಂ, ಹೊಸೂರು ರೋಡಿನ ನಾಲ್ವರದು. ಧೈರ್ಯವಿದೆ, ದನಿಯಿದೆ, ಆದರೆ ಗಿಟಾರಿನವನು ನಮ್ಮ ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್ ಇದ್ದ ಹಾಗೆ. ಒಂದು ಸಲ ಹತ್ತಿದ ಎಂದರೆ ಇಳಿಯಲು ದಾರಿಯೇ ಇಲ್ಲ. ಹಾಡಿನವನು ಕೆಳಗೆ ಬಸ್‌ಸ್ಟಾಪಿನಲ್ಲಿ ಒಬ್ಬನೇ ಕಾಯುತ್ತಿರುತ್ತಾನೆ. ಅರ್ಧ ಕತ್ತರಿಸಿದರೆ ಒಳ್ಳೆಯ ಆಲ್ಬಂ ಆಗುತ್ತದೆ. ಈಗಿನ ಸ್ಥಿತಿಯಲ್ಲಿ ಸೌಟು.

ಇದನ್ನೆಲ್ಲ ತೇಜುವಿಗೆ ಹೇಳುತ್ತಿದ್ದೆ. ಅವಳು ಕಿಟಕಿಯ ಆಚೆ ನೋಡುತ್ತಾ, “ಇವರ ಮುಖ ನೋಡ್ದೆ ಇಷ್ಟ್ ಸಲೀಸಾಗಿ ಹೇಳ್ತೀರ,” ಅಂದಳು. “ನಾಳೆ ನಿನೋ ಎದುರಿಗೇ ಕೂತಿರ್ತಾಳೆ ಆಂಟಿ. ಊಟ ಬಡಿಸಿರ್ತಾಳೆ.”

ಹೆಡ್‌ಫೋನ್ ಸುತ್ತಿ ಚೀಲಕ್ಕೆ ಹಾಕಿದೆ. ಆಮೇಲೆ ದಾರಿಯುದ್ದಕ್ಕೂ ಯಾರ ಹಾಡನ್ನೂ ಬೈಯಲಿಲ್ಲ.

ಊಟದ ಮೇಜು

ಅವರ ಊಟವೆಂದರೆ ಊಟವಲ್ಲ, ಸಭೆ. ಮೇಜಿಗೊಬ್ಬ ಮುಖಂಡ ಇರುತ್ತಾನೆ. ಅವನು ಎದ್ದು ಗ್ಲಾಸು ಹಿಡಿದು ಮಾತಾಡುವವರೆಗೂ ಯಾರೂ ಗುಟುಕು ಕುಡಿಯುವ ಹಾಗಿಲ್ಲ. ಅತಿಥಿಗೆ, ಸತ್ತವರಿಗೆ, ಮಕ್ಕಳಿಗೆ, ನಾಡಿಗೆ, ಒಂದೊಂದಕ್ಕೂ ಒಂದೊಂದು ಭಾಷಣ. ಅವತ್ತಿನ ಮುಖಂಡ ನಿನೋಳ ಸೋದರಮಾವ. ಬಿಳಿ ಮೀಸೆ, ನಾಟಕದ ಕಂಪನಿಯ ಭೀಮನ ಗಂಟಲು. ಮಾತು ಮುಗಿಸಿ “ಗಾಉಮಾರ್ಜೋಸ್” ಎಂದು ಗ್ಲಾಸು ಎತ್ತುತ್ತಾರೆ. ಗೆಲುವಾಗಲಿ ಎಂದು ಅರ್ಥವಂತೆ. ನನ್ನ ಗ್ಲಾಸಿನಲ್ಲಿ ದಾಳಿಂಬೆ ರಸ.

ನನಗೆಂದೇ ನಿನೋ ಮಾಂಸವಿಲ್ಲದ ಅಡುಗೆ ಮಾಡಿದ್ದಳು. ಬದನೆಕಾಯಿಯೊಳಗೆ ಅರೆದ ಅಕ್ರೋಟು, ಹುರುಳಿಕಾಯಿ ಕಾಳನ್ನು ಹೂರಣದ ಹಾಗೆ ತುಂಬಿದ ರೊಟ್ಟಿ, ಸೊಪ್ಪಿನ ಉಂಡೆ. ನಾನು ಸಂಕೋಚವಿಲ್ಲದೆ ತಿಂದೆ. ತಿನ್ನುತ್ತಿದ್ದ ಹಾಗೆ ಭಯ ಹೆಚ್ಚಾಯಿತು. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಕೇಳಿಕೊಂಡೇ ಬೆಳೆದವಳು. ಈ ರೊಟ್ಟಿ ತಿಂದ ಬಾಯಲ್ಲಿ ಹೇಗೆ ಹೇಳಲಿ?

ನಿನೋ ಮೊದಲ ಹಾಡು ಹಾಕಿದಳು. ರಾಕ್. ಸ್ಪೀಕರ್ ನನ್ನ ಕಿವಿಯ ಪಕ್ಕದಲ್ಲೇ. ಮುಗಿದದ್ದೇ ಮಾವ ಎದ್ದು ಹೊಗಳತೊಡಗಿದರು. ಎಲ್ಲರೂ ತಲೆದೂಗಿದರು. ನಿನೋ ಮಾತ್ರ ಉಗುರು ಕಚ್ಚುತ್ತಾ ನನ್ನನ್ನೇ ನೋಡುತ್ತಿದ್ದಳು. ನನಗೋ ಏನೂ ಗೊತ್ತಾಗಿರಲಿಲ್ಲ. ಇಷ್ಟು ಹತ್ತಿರದಿಂದ ಕೇಳಿ ನನಗೆ ಅಭ್ಯಾಸವೇ ಇಲ್ಲ. ಎರಡನೇ ಹಾಡು ಶುರುವಾಯಿತು, ಮಾವನ ಮಾತು ಇನ್ನೂ ನಡೆದಿತ್ತು. ನಾನು ಕೈಯಲ್ಲಿದ್ದ ರೊಟ್ಟಿಯ ಸಮೇತ ಎದ್ದು, ಬಾಗಿಲು ದಾಟಿ ಹೊರಗೆ ಹೋದೆ.

ಗೋಡೆ ಹುಡುಕಿಕೊಂಡು ಹೋದದ್ದು ಅಷ್ಟೇ. ಮನೆಯಲ್ಲಿ ದಿನಾ ಮಾಡುವ ಕೆಲಸ. ಆದರೆ ಅವರಲ್ಲಿ ಮುಖಂಡ ಗ್ಲಾಸು ಹಿಡಿದು ನಿಂತಿರುವಾಗ ಅತಿಥಿ ಎದ್ದು ಹೋದರೆ, ನಮ್ಮಲ್ಲಿ ಎಲೆ ಮುಂದಿನಿಂದ ಅರ್ಧಕ್ಕೆ ಎದ್ದ ಹಾಗೆ. ನನ್ನ ಬುದ್ಧಿ ಗೊತ್ತಿದ್ದವಳು ತೇಜು ಒಬ್ಬಳೇ, ಅವಳು ಆ ಹೊತ್ತಿಗೆ ಇನ್ನಷ್ಟು ರೊಟ್ಟಿ ತರಲು ಬೀದಿಯ ರೊಟ್ಟಿ ಅಂಗಡಿಗೆ ಹೋಗಿದ್ದಳು. ನನ್ನ ಬೆನ್ನ ಹಿಂದೆ ಮಾವನ ಭಾಷಣ ನಿಂತಿತಂತೆ. ಮುಂದಿನ ಹಾಡುಗಳನ್ನು ನಿಲ್ಲಿಸಲೂ ಕೈ ಬಾರದೆ ನಿನೋ ಕೂತಲ್ಲೇ ಕೂತಿದ್ದಳಂತೆ. ನನಗೆ ಇದೊಂದೂ ಗೊತ್ತಿಲ್ಲ.

ವಾನೋ ತಾತನ ಅಡುಗೆಮನೆ

ಪಕ್ಕದ ಬಾಗಿಲು ತೆರೆದೇ ಇತ್ತು. ಒಳಗೆ ಮುದುಕರೊಬ್ಬರು, ಹೆಸರು ವಾನೋ ಎಂದು ಆಮೇಲೆ ತಿಳಿಯಿತು, ಸ್ವೆಟರ್ ತೊಟ್ಟು ಒಲೆಯ ಮುಂದೆ ನಿಂತು ಮಣ್ಣಿನ ಗಡಿಗೆಯಲ್ಲಿ ಕಾಳು ಕದಡುತ್ತಿದ್ದರು. ನಮಸ್ಕಾರ ಮಾಡಿ ಗೋಡೆಯ ಕಡೆ ಬೆರಳು ತೋರಿಸಿದೆ, ಆಮೇಲೆ ಕಿವಿ ತೋರಿಸಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಸೀರೆ ನೋಡಿದರು, ರೊಟ್ಟಿ ನೋಡಿದರು. ಕಾಲಿನಿಂದ ಸ್ಟೂಲೊಂದನ್ನು ನನ್ನ ಕಡೆ ತಳ್ಳಿದರು.

ಮೂರನೇ ಹಾಡು ಜೋರಾಗಿ ಬಂತು. ಅವರು ಮರದ ಸೌಟನ್ನು ಗಡಿಗೆಯಿಂದ ತೆಗೆದು ಗೋಡೆಗೆ ಬಡಿದರು. ಟಕ್, ಟಕ್.

ನಾನು ನಕ್ಕುಬಿಟ್ಟೆ. ನಗು ನಿಲ್ಲಲೇ ಇಲ್ಲ. ಬಡಿದ ಜಾಗದಲ್ಲಿ ಸುಣ್ಣ ಉದುರಿ ಅಂಗೈಯಗಲ ಗುಳಿ ಬಿದ್ದಿತ್ತು. ಇಂಥದೇ ಗುಳಿ ನಮ್ಮ ಮನೆಯ ಗೋಡೆಯಲ್ಲೂ ಇದೆ, ಸಾಂಬಾರಿನ ಕಲೆಯ ಸಮೇತ. ಸಮುದ್ರ, ಮರುಭೂಮಿ, ಬೆಟ್ಟ ಎಲ್ಲ ದಾಟಿ ಬಂದು ನಾನು ನನ್ನ ಅಡುಗೆಮನೆಯಲ್ಲೇ ಕೂತಿದ್ದೆ.

ಆಮೇಲೆ ಇಂಡಿ ರೀತಿಯ ಮೆತ್ತಗಿನ ಹಾಡುಗಳು ಬಂದವು. ಅವಕ್ಕೂ ಟಕ್, ಟಕ್. ನನಗೂ ಅಷ್ಟೇ ಅನ್ನಿಸಿತ್ತು. ದನಿ ಗೋಡೆಯವರೆಗೂ ಬರುತ್ತಿತ್ತು, ದಾಟುತ್ತಿರಲಿಲ್ಲ. ಮತ್ತೆ ಎರಡು ರಾಕ್, ಮತ್ತೆ ಸೌಟು. ತಾತ ನನ್ನ ಕಡೆ ತಿರುಗಿ ತುಟಿ ಸೊಟ್ಟ ಮಾಡಿದರು. ನಾನೂ ಸೊಟ್ಟ ಮಾಡಿದೆ. ಇಷ್ಟು ಚೆನ್ನಾಗಿ ಯಾವ ವಿಮರ್ಶಕನ ಜೊತೆಗೂ ನನಗೆ ಹೊಂದಿಕೆಯಾಗಿಲ್ಲ.

ಕೊನೆಯ ಹಾಡಿಗೆ ಗಿಟಾರ್ ಇಲ್ಲ, ಡ್ರಮ್ ಇಲ್ಲ. ಚಪ್ಪಾಳೆ ಮಾತ್ರ, ಅದೂ ಮೆಲ್ಲಗೆ. ಅದರ ಮೇಲೆ ನಿನೋ ಮಾತಾಡುತ್ತಿದ್ದಳು. ಹಿಪ್-ಹಾಪ್ ಅನ್ನಿ, ಆದರೆ ಕೂಗಿಲ್ಲ, ಜಂಬವಿಲ್ಲ. ಪಕ್ಕದ ರೂಮಿನಲ್ಲಿ ಯಾರೋ ಬಟ್ಟೆ ಮಡಿಸುತ್ತಾ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿರುವ ಹಾಗೆ. ತಾತ ಸೌಟು ಎತ್ತಿದರು. ಬಡಿಯಲಿಲ್ಲ. ಸೌಟಿನಿಂದ ಕಾಳಿನ ರಸ ತೊಟ್ಟು ತೊಟ್ಟಾಗಿ ಅವರ ಸ್ವೆಟರಿನ ಮೇಲೆ ಬೀಳುತ್ತಿತ್ತು, ಅವರಿಗೆ ಅದರ ಪರಿವೆಯಿಲ್ಲ.

ಆಮೇಲೆ ವಾಸನೆ ಬಂತು. ಗಡಿಗೆ ತಳ ಹಿಡಿಯುತ್ತಿತ್ತು. ಅಡುಗೆ ಮಾಡಿ ಗೊತ್ತಿರುವ ನನಗೆ ಎದ್ದು ಒಲೆ ಆರಿಸುವುದು ಒಂದು ಕ್ಷಣದ ಕೆಲಸ. ಏಳಲಾಗಲಿಲ್ಲ. ಹಾಡು ಮುಗಿಯುವವರೆಗೂ ಇಬ್ಬರೂ ಕಾಳು ಸೀಯಲು ಬಿಟ್ಟೆವು.

ಮತ್ತೆ ಮೇಜಿಗೆ

ಸೆರಗಿನಿಂದ ಗಡಿಗೆ ಹಿಡಿದುಕೊಂಡು ನಿನೋಳ ಮನೆಗೆ ಹೊರಟೆ. ತಾತ ಏನೋ ಗೊಣಗುತ್ತಾ, ಸೌಟು ಹಿಡಿದೇ ಹಿಂದೆ ಬಂದರು. ಅಲ್ಲಿ ಮೇಜು ಸಾವಿನ ಮನೆಯ ಹಾಗಿತ್ತು. ತೇಜು ವಾಪಸ್ ಬಂದು ಎಲ್ಲರಿಗೂ ಏನೋ ಸಮಜಾಯಿಷಿ ಹೇಳುತ್ತಿದ್ದಳು. ಮಾವನ ಗ್ಲಾಸು ಇನ್ನೂ ಕೈಯಲ್ಲೇ ಇತ್ತು. ತಾತನನ್ನು ಕಂಡದ್ದೇ, ಊಟಕ್ಕೆ ಬಂದಿದ್ದ ನಿನೋಳ ಡ್ರಮ್ಮಿನವನು ಎದ್ದು ನಿಂತ. ಎರಡು ವರ್ಷದಿಂದ ತಾತನೂ ನಿನೋಳ ತಂಡದವರೂ ಗೋಡೆಯ ಮೂಲಕ ಮಾತ್ರ ಜಗಳವಾಡಿದ್ದರಂತೆ, ಒಬ್ಬರ ಹೊಸ್ತಿಲು ಒಬ್ಬರು ತುಳಿದಿರಲಿಲ್ಲ.

ಗಡಿಗೆಯನ್ನು ಮೇಜಿನ ನಡುವೆ ಇಟ್ಟೆ. ಸೀದ ವಾಸನೆ ಬದನೆಕಾಯಿಯನ್ನೂ ಮೀರಿಸಿತು.

“ತೇಜು, ಒಂದಕ್ಷರ ಬಿಡ್ದೆ ಹೇಳು,” ಅಂದೆ. “ನಿನೋ, ನಿನ್ನ ಮನೇಲಿ ಉಂಡಿದ್ದೀನಿ. ಉಂಡ ಮನೆಗೆ ಎರಡು ಬಗೀಬಾರ್ದು ಅಂತಾರೆ ನಮ್ಮಲ್ಲಿ. ಸುಳ್ಳು ಹೇಳಿದ್ರೆ ಎರಡು ಬಗೆದ ಹಾಗೇನೇ. ಮಿಕ್ಕ ಹಾಡಿಗೆಲ್ಲ ಈ ತಾತ ಗೋಡೆ ಬಡಿದ್ರು, ನನ್ನ ಕೈಲಿ ಸೌಟಿದ್ದಿದ್ರೆ ನಾನೂ ಬಡೀತಿದ್ದೆ. ಕೊನೇ ಹಾಡಿಗೆ ಅಡುಗೆ ತಳ ಹಿಡೀತು. ಇದೇ ನನ್ನ ವಿಮರ್ಶೆ, ನೋಡ್ಕೋ.”

ತೇಜು ಹೇಳಿ ಮುಗಿಸಿದಳು.  ನಿನೋ ಗಡಿಗೆಯೊಳಗೆ ಬಗ್ಗಿ ನೋಡಿದಳು. ಆಮೇಲೆ ತನ್ನ ಭಾಷೆಯಲ್ಲಿ ಮೆತ್ತಗೆ ಮಾತಾಡಿದಳು. ಆ ಹಾಡು ಅರ್ಧಂಬರ್ಧ, ನಾಚಿಕೆಯಿಂದ ಕೊನೆಯಲ್ಲಿ ಇಟ್ಟದ್ದು ಅಂದಳು. ಅದನ್ನು ರೆಕಾರ್ಡ್ ಮಾಡುವಾಗ ತಾತ ಬಡಿಯುತ್ತಾರೆಂಬ ಭಯಕ್ಕೆ ವಾದ್ಯ ಬಿಟ್ಟು, ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು ಪಿಸುಗುಟ್ಟಿದ್ದಳಂತೆ. ಆ ಹಾಡಿನಲ್ಲಿ ಇರುವುದು ಈ ವಠಾರದ ಬಾಗಿಲುಗಳು. ಯಾವ ಬಾಗಿಲ ಹಿಂದೆ ಯಾರಿದ್ದರು, ಯಾರು ಹೋದರು, ಯಾರ ಬಟ್ಟೆ ಇನ್ನೂ ಹಗ್ಗದ ಮೇಲಿದೆ.

ತಾತ ಏನೋ ಕೇಳಿದರು. ತೇಜು ನನ್ನ ಕಿವಿಯಲ್ಲಿ, “ನಮ್ಮ ಬಾಗಿಲೂ ಇದೆಯಾ ಅಂತಿದಾರೆ,” ಅಂದಳು.

ನಿನೋ ಹೌದೆಂದು ತಲೆಯಾಡಿಸಿದಳು. ತಾತ ಸೌಟನ್ನು ಮೇಜಿನ ಮೇಲಿಟ್ಟರು. ಆಮೇಲೆ ಹೇಳಿದ ಮಾತನ್ನು ತೇಜು ಹಾಗೇ ಕನ್ನಡಕ್ಕೆ ತಂದಳು: “ಮಾತು ನಂಗೆ ಕೇಳಿಸ್ಲಿಲ್ಲ. ಆದ್ರೆ ಅದೊಂದು ಮಾತ್ರ ಪಕ್ಕದ ಮನೆಯವ್ರಿಗೆ ಹೇಳ್ದಂಗಿತ್ತು. ಬಾಕಿದೆಲ್ಲ ಊರಿಗೆ ಕೂಗಿದಂಗಿತ್ತು.”

ಹಲ್ಲಿನ ಡಾಕ್ಟರಾಗಬೇಕಿದ್ದ ಹುಡುಗಿ ಎದ್ದು ಲ್ಯಾಪ್‌ಟಾಪ್ ಮುಚ್ಚಿದಳು. ಸೋಮವಾರ ಏನೂ ಕಳಿಸುವುದಿಲ್ಲ ಅಂದಳು. ಉಗುರು ಕಚ್ಚುವುದನ್ನು ಬಿಟ್ಟು, ರೊಟ್ಟಿ ಮುರಿದು, ಸೀದ ಕಾಳಿನಲ್ಲಿ ಅದ್ದಿ ತಿಂದಳು. ಮುಖ ಕಿವುಚಿಕೊಂಡು ನಕ್ಕಳು. ಮಾವ ಕುರ್ಚಿಯೊಂದನ್ನು ಎಳೆದು ತಾತನಿಗೆ ಕೊಟ್ಟು, ಅವರ ಕೈಗೊಂದು ಗ್ಲಾಸು ಕೊಟ್ಟರು. ಈ ಸಲ ಭಾಷಣ ಚಿಕ್ಕದು. ಗೋಡೆಗೆ, ಅಂದರು. ಗಾಉಮಾರ್ಜೋಸ್. ದಾಳಿಂಬೆ ರಸ ಅಷ್ಟು ರುಚಿಯಾಗಿ ನಾನು ಎಂದೂ ಕುಡಿದಿಲ್ಲ.

ನಮ್ಮ ಮನೆ

ನಿನೋ ಆ ಚಳಿಗಾಲವೆಲ್ಲ ಕೂತು ಮಿಕ್ಕ ಹಾಡುಗಳನ್ನು ಹೊಸದಾಗಿ ಮಾಡಿದಳು. ಕೆಲವನ್ನು ಎಸೆದಳು. ಪ್ರತಿಯೊಂದನ್ನೂ ಮೊದಲು ತಾತನ ಅಡುಗೆಮನೆಯಿಂದ ಕೇಳಿದಳಂತೆ. ಕೊನೆಯ ಹಾಡು ಈಗ ಮೊದಲ ಹಾಡು. ಬಿಡುಗಡೆಯ ದಿನದ ವಿಡಿಯೊವನ್ನು ತೇಜು ಕಳಿಸಿದಳು. ಹಾಲ್ ತುಂಬಿ ಜನ ಮೆಟ್ಟಿಲ ಮೇಲೂ ನಿಂತಿದ್ದರು. ನಿನೋ ಪಿಸುಗುಟ್ಟುತ್ತಿದ್ದಳು, ಇಡೀ ಹಾಲ್ ಮೆಲ್ಲಗೆ ಚಪ್ಪಾಳೆಯಲ್ಲಿ ತಾಳ ಹಾಕುತ್ತಿತ್ತು. ಮುಂದಿನ ಸಾಲಿನಲ್ಲಿ ಅದೇ ಸ್ವೆಟರ್. ನಾನು ಪಿಜಿಯ ಹುಡುಗಿಯರನ್ನೆಲ್ಲ ಕರೆದು ತೋರಿಸಿದೆ. ನಾನೇ ಹಾಡಿದಷ್ಟು ಜಂಬ ಬಂತು, ಮುಚ್ಚುಮರೆ ಏಕೆ.

ಆಮೇಲೆ ಆಲ್ಬಂ ನನ್ನ ಫೋನಿಗೂ ಬಂತು. ಕೆಳಗಿನ ರೂಮಿನಲ್ಲಿ ಹಾಕಿಸಿದೆ. ಈಚೆ ನಾನು ಸೌಟು ಹಿಡಿದು ನನ್ನ ಗುಳಿಯ ಪಕ್ಕ ಕೂತೆ. ನಮ್ಮತ್ತೆ ಒಲೆಯ ಮುಂದೆ ಅವರೆಕಾಳು ಸಾರು ತಿರುಗಿಸುತ್ತಾ, ಶುರುವಾಯ್ತು ನಿಂದು ಎಂದು ಗೊಣಗಿದರು. ನಾನು ಹಾಕಿಸುವ ಹಾಡುಗಳಲ್ಲಿ ಒಂದನ್ನೂ ಅವರು ಇವತ್ತಿನವರೆಗೆ ಮೆಚ್ಚಿದವರಲ್ಲ.

ಗೋಡೆಯ ಆಚೆ ಮೆಲ್ಲಗೆ ಚಪ್ಪಾಳೆ. ಆಮೇಲೆ ನಿನೋಳ ದನಿ. ಅತ್ತೆ ತಿರುಗಿಸುತ್ತಿದ್ದರು. ತಿರುಗಿಸುವುದು ನಿಧಾನವಾಯಿತು. ನಿಂತಿತು. ಸೆರಗಿನ ತುದಿ ಬಾಯಿಗಿಟ್ಟುಕೊಂಡು ಗೋಡೆಯನ್ನೇ ನೋಡುತ್ತಾ ನಿಂತರು. ಸ್ವಲ್ಪ ಹೊತ್ತಿಗೆ ಸಾರಿನ ವಾಸನೆ ಬದಲಾಯಿತು. ನಾನು ಬಾಯಿ ಬಿಡಲಿಲ್ಲ, ಒಲೆ ಆರಿಸಲೂ ಇಲ್ಲ.

ಹಾಡು ಮುಗಿದ ಮೇಲೆ ಅವರಿಗೆ ಎಚ್ಚರವಾಯಿತು. “ಅಯ್ಯೋ, ತಳ ಇಡೀತಲ್ಲೇ,” ಅಂದರು. ಒಲೆ ಆರಿಸಿ, ನನ್ನ ಮುಖ ನೋಡದೆ, “ಇನ್ನೊಂದ್ ಕಿತ ಆಕ್ಸು,” ಅಂದರು.

ಅವತ್ತು ಮನೆಮಂದಿಗೆಲ್ಲ ಸೀದ ಸಾರು. ಪಿಜಿ ಹುಡುಗಿಯರಿಗೂ ಅದೇ. ಒಬ್ಬಳೂ ತಕರಾರು ಮಾಡಲಿಲ್ಲ, ಮಾಡಿದ್ದರೂ ನಾನು ಕೇಳುತ್ತಿರಲಿಲ್ಲ.

ಈಗ ನಿಮ್ಮ ಸರದಿ. ನಿಮ್ಮ ಮನೆಯಲ್ಲಿ ಯಾವ ಹಾಡಿಗೆ ಏನು ತಳ ಹಿಡಿಯಿತು? ಹಾಲು ಉಕ್ಕಿತೇ, ಒಗ್ಗರಣೆ ಕರಕಲಾಯಿತೇ, ಸ್ಟಾಪ್ ದಾಟಿ ಮುಂದಕ್ಕೆ ಹೋಗಿಬಿಟ್ಟಿರಾ? ಹಾಡು ಯಾರದೆಂದು ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ, ಸುಟ್ಟದ್ದು ಏನೆಂದು ಮಾತ್ರ ತಪ್ಪದೆ ಕೆಳಗೆ ಬರೆಯಿರಿ. ಒಂದೂ ಬಿಡದೆ ಓದುತ್ತೇನೆ. ಅತ್ತೆಗೂ ಓದಿ ಹೇಳಬೇಕು, ಕೇಳುತ್ತಾ ಕೂತಿದ್ದಾರೆ.